ಗುಜರಿಯ ಝೂಮರಿಗೆ ಹಿಡಿದ ಕಪ್ಪು

ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹತ್ತು ತಿಂಗಳಿನಿಂದ ತೂಗುತ್ತಿರುವ ಐದು ಕೈಗಳ ಝೂಮರಿಗೆ, ಅಂದರೆ ತೂಗುದೀಪಕ್ಕೆ, ನಾನು ಎರಡು ಬಾರಿ ಬಣ್ಣ ಹೊಡೆದಿದ್ದೇನೆ. ಮೊದಲ ಬಾರಿಯ ಬಣ್ಣ ಆರು ವಾರಕ್ಕೇ ಸಿಪ್ಪೆ ಎದ್ದು ಹೋಯಿತು. ಎರಡನೆಯ ಬಾರಿಯದು ಇವತ್ತಿಗೂ ಉಗುರಿನಿಂದ ಕೆರೆದರೆ ಏಳುವುದಿಲ್ಲ. ಎರಡೂ ಸಲ ಮೇಲೆ ಹೊಡೆದ ಕಪ್ಪು ಬಣ್ಣ ಒಂದೇ ಕಂಪನಿಯದು, ಒಂದೇ ಅಂಗಡಿಯಿಂದ ತಂದದ್ದು, ಬೆಲೆಯೂ ಒಂದೇ. ಬೇರೆಯಾಗಿದ್ದದ್ದು ಅದರ ಅಡಿಯಲ್ಲಿ ಹೊಡೆದ ಪ್ರೈಮರ್ ಮತ್ತು ಹೊಡೆದ ತಿಂಗಳು. ಹಾಗಾಗಿ ಈ ಕೆಲಸಕ್ಕೆ ನಾನು ಬಳಸಿದ ಸ್ಪ್ರೇ ಡಬ್ಬಿಗಳ ವಿಮರ್ಶೆಯನ್ನು ಬರೆಯುವಾಗ ಕಣ್ಣಿಗೆ ಕಾಣುವ ಕಪ್ಪಿಗಿಂತ ಕಣ್ಣಿಗೆ ಕಾಣದ ಪ್ರೈಮರಿನ ಬಗ್ಗೆಯೇ ಹೆಚ್ಚು ಹೇಳಬೇಕಾಗಿದೆ.

ಝೂಮರ್ ಸಿಕ್ಕಿದ್ದು ಕಳೆದ ವರ್ಷದ ಏಪ್ರಿಲ್‌ನಲ್ಲಿ, ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆ ದಾಟಿ ಮುಂದೆ ಹೋದರೆ ಸಿಗುವ ಓಣಿಯೊಂದರ ಗುಜರಿ ಅಂಗಡಿಯಲ್ಲಿ. ಹಳೆಯ ಕೂಲರಿನ ಡಬ್ಬಗಳು, ತುಂಡಾದ ಕಿಟಕಿ ಗ್ರಿಲ್ಲುಗಳ ನಡುವೆ ಅದು ತಲೆಕೆಳಗಾಗಿ ಬಿದ್ದಿತ್ತು. ಬಾಗಿದ ಐದು ಕೈಗಳು, ಪ್ರತಿ ಕೈ ನಡುಗಂಬಕ್ಕೆ ಸೇರುವಲ್ಲಿ ಒಂದೊಂದು ಎಲೆ, ಎಲೆಯ ನಡುವೆ ನರಗಳು ಕೂಡ ಸ್ಪಷ್ಟವಾಗಿ ಮೂಡಿದ್ದವು. ಬಂಗಾರದ ಬಣ್ಣದ ಪಾಲಿಶ್ ಅಲ್ಲಲ್ಲಿ ಹಾರಿ, ಹಾರಿದ ಕಡೆ ಜಂಗು ಹಿಡಿದಿತ್ತು. ಐದು ಗಾಜಿನ ಬುರುಡೆಗಳಲ್ಲಿ ಎರಡು ಒಡೆದಿದ್ದವು. ಹಿತ್ತಾಳೆಯದೇ ಎಂದು ಕೇಳಿದ್ದಕ್ಕೆ ಅಂಗಡಿಯವರು, ‘ಸುಳ್ಳ್ಯಾಕ ಹೇಳ್ಲಿ ಅಕ್ಕಾರೆ, ಒಳಗ ಕಬ್ಬಿಣ ಅದ, ಮ್ಯಾಲ ಬರೇ ಪಾಲಿಶ್ ಅದ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ತೂಕದ ಲೆಕ್ಕ ಬಿಟ್ಟು 700 ರೂಪಾಯಿಗೆ ಒಪ್ಪಿದರು. ಹಳೆಯ ಸಾಮಾನು ಮಾರುವವರಲ್ಲಿ ಇಂಥ ಮಾತು ಸಿಗುವುದು ದೊಡ್ಡದು. ಆ ಅಂಗಡಿಗೆ ನಾನು ಆಮೇಲೆ ಮೂರು ಸಲ ಹೋಗಿದ್ದೇನೆ.

ಆದರೆ ಅವರ ಮಾತು ಅರ್ಧ ಮಾತ್ರ ಸರಿಯಾಗಿತ್ತು, ಅದು ಅವರ ತಪ್ಪೂ ಅಲ್ಲ. ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತವನ್ನು ಹಿಡಿದು ನೋಡಿದರೆ ಕೈಗಳಿಗೂ ನಡುಗಂಬಕ್ಕೂ ಅದು ಟಕ್ಕನೆ ಅಂಟಿಕೊಂಡಿತು, ಎಲೆಗಳಿಗೆ ಮಾತ್ರ ಅಂಟಲಿಲ್ಲ. ನಾನು ಅದನ್ನು ನೋಡಿಯೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಹಳೆಯ ದೀಪ ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಇದೇ: ಎಲ್ಲ ಭಾಗಗಳಿಗೂ ಒಂದೊಂದಾಗಿ ಆಯಸ್ಕಾಂತ ಹಿಡಿದು, ಎಲ್ಲಿ ಅಂಟುತ್ತದೆ, ಎಲ್ಲಿ ಅಂಟುವುದಿಲ್ಲ ಎಂದು ಬರೆದಿಟ್ಟುಕೊಳ್ಳಬೇಕು. ಒಂದೇ ಝೂಮರಿನಲ್ಲಿ ಕಬ್ಬಿಣ, ಸತು, ಹಿತ್ತಾಳೆ, ಅಲ್ಯುಮಿನಿಯಂ ಎಲ್ಲವೂ ಒಂದೇ ಪಾಲಿಶ್ ಹೊದ್ದು ಕುಳಿತಿರಬಹುದು, ಮತ್ತು ಪ್ರತಿಯೊಂದೂ ಬಣ್ಣವನ್ನು ಬೇರೆ ಬೇರೆ ಬಗೆಯಲ್ಲಿ ಹಿಡಿಯುತ್ತದೆ, ಇಲ್ಲವೇ ಬಿಡುತ್ತದೆ.

ಮೊದಲ ಬಾರಿ ಮೇ ತಿಂಗಳಲ್ಲಿ ಬಣ್ಣ ಹೊಡೆದೆ. ಮನೆಯ ಕಿಟಕಿ ಗ್ರಿಲ್ಲಿಗೆ ಹೊಡೆಯುವ ಸಾಧಾರಣ ಬೂದು ಪ್ರೈಮರಿನ ಸ್ಪ್ರೇ ಡಬ್ಬಿ 260 ರೂಪಾಯಿ, ಹೊಳಪಿಲ್ಲದ ಕಪ್ಪು, ಅಂದರೆ ಮ್ಯಾಟ್ ಕಪ್ಪಿನ 400 ಮಿಲಿಲೀಟರ್ ಡಬ್ಬಿ 300 ರೂಪಾಯಿ. ಬೆಳಿಗ್ಗೆ ಹತ್ತೂವರೆಗೆ ಮಾಳಿಗೆಯ ಮೇಲೆ ತಂತಿಗೆ ಝೂಮರನ್ನು ತೂಗುಹಾಕಿ ಕೆಲಸ ಶುರು ಮಾಡಿದೆ. ಕಲಬುರಗಿಯ ಮೇ ತಿಂಗಳು ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 42 ಡಿಗ್ರಿ ಬಿಸಿಲು ನಮಗೆ ಸುದ್ದಿಯೇ ಅಲ್ಲ. ಆ ಬಿಸಿಲಿನಲ್ಲಿ ಡಬ್ಬಿಯಿಂದ ಹೊರಟ ಬಣ್ಣದ ಹನಿಗಳು ಲೋಹವನ್ನು ತಲುಪುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ, ಒದ್ದೆಯಾಗಿ ಹರಡಿಕೊಳ್ಳುವ ಬದಲು ಪುಡಿಯಂತೆ ಹೋಗಿ ಕುಳಿತುಕೊಂಡವು. ಸಂಜೆ ಮುಟ್ಟಿದರೆ ಇಡೀ ಝೂಮರ್ ನುಣ್ಣನೆಯ ಉಸುಕು ಮೆತ್ತಿದಂತೆ ಚರಚರ ಎನ್ನುತ್ತಿತ್ತು. ಮೇಲಾಗಿ ಹೊಲದ ಕಡೆಯಿಂದ ಬಂದ ಗಾಳಿ ತಂದ ಧೂಳು ಹಸಿ ಬಣ್ಣದ ಮೇಲೆ ಕೂತು ಅಲ್ಲೇ ಒಣಗಿತ್ತು. ಇನ್ನೊಂದು ವಿಷಯ ನನಗೆ ಆಮೇಲೆ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದಾಗ ತಿಳಿದು ಎದೆ ಝಲ್ಲೆಂದಿತು: ಒತ್ತಡದ ಅನಿಲ ತುಂಬಿದ ಈ ಡಬ್ಬಿಗಳನ್ನು 50 ಡಿಗ್ರಿಗಿಂತ ಹೆಚ್ಚು ಬಿಸಿಯಾಗಲು ಬಿಡಬಾರದು, ಬಿಸಿಲಿನಲ್ಲಿ ಇಡಬಾರದು. ಮೇ ತಿಂಗಳ ಮಾಳಿಗೆಯ ಮೇಲಿನ ಪರಸಿ ಕಲ್ಲು ಬರಿಗಾಲಿಡಲಾಗದಷ್ಟು ಕಾದಿರುತ್ತದೆ. ಅದರ ಮೇಲೆ ನಾನು ಎರಡು ಡಬ್ಬಿಗಳನ್ನು ನಿಲ್ಲಿಸಿದ್ದೆ. ನಮ್ಮ ಜಿಲ್ಲೆಗಳಲ್ಲಿ ಈ ಕೆಲಸ ಮಾಡುವವರು ದಯವಿಟ್ಟು ಡಬ್ಬಿಗಳನ್ನು ನೆರಳಿನ ಕೋಣೆಯಲ್ಲಿಟ್ಟು, ಬೇಕಾದಾಗ ಮಾತ್ರ ಹೊರಗೆ ತನ್ನಿ.

ಒರಟುತನವನ್ನು ನೀರು ಹಾಕಿ ಉಜ್ಜುವ ವಾಟರ್ ಪೇಪರಿನಿಂದ ತಿಕ್ಕಿ, ಬೆಳಗಿನ ಜಾವದ ತಂಪಿನಲ್ಲಿ ಉಳಿದ ಬಣ್ಣ ಹೊಡೆದು ಒಂದು ಹದಕ್ಕೆ ತಂದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಜೂನ್ ಕೊನೆಗೆ, ಮೊದಲ ಮಳೆಗಳು ಬಂದು ಹೋದ ಮೇಲೆ, ಒಂದು ಎಲೆಯ ತುದಿಯಲ್ಲಿ ಬಣ್ಣ ಗುಳ್ಳೆ ಎದ್ದದ್ದು ಕಂಡಿತು. ಉಗುರು ಹಾಕಿ ಎತ್ತಿದೆ. ಈರುಳ್ಳಿಯ ಮೇಲಿನ ಸಿಪ್ಪೆಯಂತೆ ಪ್ರೈಮರ್ ಸಮೇತ ಇಡೀ ಪದರ ಎದ್ದು ಬಂತು, ಅದರ ಒಳಮೈಯಲ್ಲಿ ಎಲೆಯ ನರಗಳ ಅಚ್ಚು ಹಾಗೆಯೇ ಮೂಡಿತ್ತು. ಕೆಳಗೆ ಲೋಹ ಬೂದುಬಣ್ಣಕ್ಕೆ ಹೊಳೆಯುತ್ತಿತ್ತು. ಬಣ್ಣ ಅದನ್ನು ಒಂದು ದಿನವೂ ಹಿಡಿದುಕೊಂಡಿರಲಿಲ್ಲವೆಂಬುದು ನೋಡಿದರೆ ಗೊತ್ತಾಗುತ್ತಿತ್ತು. ಐದೂ ಎಲೆಗಳ ಕತೆ ಇದೇ ಆಯಿತು. ಕಬ್ಬಿಣದ ಕೈಗಳ ಮೇಲಿನ ಬಣ್ಣ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಕಾರಣ ಹೇಳಿಕೊಟ್ಟವರು ಮೋಟರ್ ಸೈಕಲ್ ಮತ್ತು ಕಾರುಗಳ ಬಣ್ಣ ಮಾರುವ ಅಂಗಡಿಯ ಹಿರಿಯರೊಬ್ಬರು. ಎದ್ದು ಬಂದ ಸಿಪ್ಪೆಯನ್ನೂ ಬಿಚ್ಚಿದ ಒಂದು ಎಲೆಯನ್ನೂ ಕಾಗದದಲ್ಲಿ ಸುತ್ತಿಕೊಂಡು ಹೋಗಿ ತೋರಿಸಿದೆ. ಅವರು ಎಲೆಯನ್ನು ಅಂಗೈಯಲ್ಲಿ ತೂಗಿ ನೋಡಿ, ‘ಇದು ಜಸ್ತ ಅದ ನೋಡ್ರಿ. ಜಸ್ತದ ಮ್ಯಾಲ ಎಣ್ಣಿ ಪ್ರೈಮರ್ ನಿಲ್ಲಂಗಿಲ್ರಿ ಅಕ್ಕಾರೆ’ ಎಂದರು. ಜಸ್ತ ಎಂದರೆ ಸತು. ಅಚ್ಚಿಗೆ ಸುರಿದು ಎರಕ ತೆಗೆಯಲು ಸುಲಭವಾದ್ದರಿಂದ ದೀಪಗಳ ಹೂವು, ಎಲೆ, ಬಟ್ಟಲುಗಳಂಥ ನಕ್ಷೆಯ ಭಾಗಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ. ಎಣ್ಣೆ ಮೂಲದ ಬಣ್ಣ ಮತ್ತು ಪ್ರೈಮರುಗಳು ಸತುವಿನ ಮೇಲೆ ಕುಳಿತಾಗ, ತೇವ ಸೋಕುತ್ತಿದ್ದಂತೆ ಬಣ್ಣದೊಳಗಿನ ಎಣ್ಣೆಯ ಅಂಶಕ್ಕೂ ಸತುವಿಗೂ ನಡುವೆ ರಾಸಾಯನಿಕ ಕ್ರಿಯೆ ನಡೆದು, ಎರಡರ ನಡುವೆ ಸಾಬೂನಿನಂಥ ಪದರವೊಂದು ಹುಟ್ಟುತ್ತದೆ. ಸಾಬೂನಿನ ಮೇಲೆ ಕುಳಿತದ್ದು ಎಷ್ಟು ದಿನ ಕುಳಿತೀತು? ತಗಡಿನ ಶೀಟಿಗೆ ಹೊಡೆದ ಆಯಿಲ್ ಪೇಂಟ್ ಒಂದೆರಡು ಮಳೆಗಾಲಕ್ಕೆ ಹಪ್ಪಳದಂತೆ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ಅದರ ಮೈಗೂ ಸತುವಿನ ಲೇಪವೇ ಇರುತ್ತದೆ.

ಈ ಮಾತು ಕೇಳಿದ ಕೂಡಲೇ ನನಗೆ ನೆನಪಾದದ್ದು ನನ್ನ ತವರು ಬೀದರ. ಬಿದರಿ ಸಾಮಾನು ಕೂಡ ಬಹುಪಾಲು ಸತುವೇ, ಅದಕ್ಕೆ ಸ್ವಲ್ಪ ತಾಮ್ರ ಬೆರೆಸಿರುತ್ತಾರೆ. ಎರಕ ಹೊಯ್ದು, ನಯಗೊಳಿಸಿ, ಉಳಿಯಿಂದ ನಕ್ಷೆ ಕೊರೆದು, ಕೊರೆದ ಗೆರೆಗಳಿಗೆ ಬೆಳ್ಳಿಯ ತಂತಿ ಇಲ್ಲವೇ ತಗಡನ್ನು ಬಡಿದು ಕೂರಿಸಿದ ಮೇಲೆ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರವನ್ನು ಕಲಸಿದ ದ್ರಾವಣ ಅದಕ್ಕೆ ಸೋಕಿದರೆ ಸತುವಿನ ಮಿಶ್ರಲೋಹ ಕಪ್ಪಗಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಲೆಯ ಕಪ್ಪು ಲೋಹಕ್ಕೆ ಮೇಲಿನಿಂದ ಬಳಿದದ್ದಲ್ಲ, ಲೋಹದ ಮೈಯೇ ಬದಲಾಗಿ ಹುಟ್ಟಿದ್ದು. ನನ್ನ ಮದುವೆಯಲ್ಲಿ ಕೊಟ್ಟ ಬಿದರಿ ಹೂದಾನಿ ಮನೆಯಲ್ಲಿದೆ. ಮಂಕಾದಾಗ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಮತ್ತೆ ಕಡುಕಪ್ಪಾಗುತ್ತದೆ, ಅದು ಸಿಪ್ಪೆ ಏಳುವ ಮಾತೇ ಇಲ್ಲ. ಡಬ್ಬಿಯ ಬಣ್ಣಕ್ಕೆ ಆ ಭಾಗ್ಯವಿಲ್ಲ. ಅದು ಹೊರಗಿನಿಂದ ಬಂದು ಕೂರುವ ಪದರ. ಕೂತದ್ದು ನಿಲ್ಲಬೇಕಾದರೆ ಲೋಹವನ್ನು ಕಚ್ಚಿ ಹಿಡಿಯುವ ಏನಾದರೂ ನಡುವೆ ಇರಲೇಬೇಕು. ಆ ಕೆಲಸವನ್ನು ಮಾಡುವುದು ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕೊರೆದು ಹಿಡಿಯುವ ಪ್ರೈಮರ್.

ಈ ವಿಮರ್ಶೆಯಲ್ಲಿ ನಾನು ಯಾವ ಸಂಕೋಚವೂ ಇಲ್ಲದೆ ಹೊಗಳುವ ವಸ್ತು ಇದೊಂದೇ. ಅದರಲ್ಲಿ ಫಾಸ್ಫಾರಿಕ್ ಆಮ್ಲದ ಅಂಶವಿದ್ದು, ಅದು ಸತು, ಅಲ್ಯುಮಿನಿಯಂ, ಕಬ್ಬಿಣಗಳ ಮೇಲ್ಮೈಯನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊರೆದು, ಆ ಕೊರಕಲುಗಳಲ್ಲಿ ತನ್ನ ಪದರವನ್ನು ಊರುತ್ತದೆ. ಸ್ಪ್ರೇ ಗನ್ನಿನಿಂದ ಹೊಡೆಯುವವರಿಗೆ ಎರಡು ಡಬ್ಬಿಗಳನ್ನು ಬೆರೆಸಿಕೊಳ್ಳುವ ರೂಪದಲ್ಲಿ ಸಿಗುತ್ತದೆ, ಮನೆಯಲ್ಲಿ ಮಾಡುವವರಿಗೆ ಸ್ಪ್ರೇ ಡಬ್ಬಿಯಲ್ಲಿಯೂ ಇದೆ. ನನಗೆ 480 ರೂಪಾಯಿ ಬಿತ್ತು, ಎಂದರೆ ಗ್ರಿಲ್ಲಿನ ಪ್ರೈಮರಿಗಿಂತ 220 ರೂಪಾಯಿ ಹೆಚ್ಚು. ಬಣ್ಣ ತಿಳಿ ಹಸಿರು ಮಿಶ್ರಿತ ಬೂದು, ಒಣಗಿದ ಮೇಲೆ ನೋಡಲು ಏನೂ ಚೆಂದವಿಲ್ಲ. ಇದನ್ನು ದಪ್ಪಗೆ ಹೊಡೆಯಬಾರದು. ಕೆಳಗಿನ ಲೋಹದ ಬಣ್ಣ ಇನ್ನೂ ಮಸುಕಾಗಿ ಕಾಣುತ್ತಿರುವಷ್ಟು ತೆಳ್ಳಗೆ ಒಂದೇ ಸುತ್ತು ಸಾಕು. ದಪ್ಪಗಾದರೆ ಹಿಡಿತ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಹಾಗೆಯೇ ಇದು ಬರಿಯ ಲೋಹದ ಮೇಲೆಯೇ ಬೀಳಬೇಕು, ಹಳೆಯ ಪಾಲಿಶ್ ಇಲ್ಲವೇ ಹಳೆಯ ಬಣ್ಣದ ಮೇಲಲ್ಲ. ಇದರ ವಾಸನೆ ಬಹಳ ಕಟುವಾಗಿದೆ, ಮೂಗು ಬಾಯಿಗೆ ಕಟ್ಟಿಕೊಂಡ ಓಢಣಿ ಇದಕ್ಕೆ ಸಾಲದು; ಬಣ್ಣದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಬಯಲೂ ಬೇಕು.

ಹಾಗಾಗಿ ಎರಡನೆಯ ಬಾರಿ ಮೊದಲಿನಿಂದ ಶುರು ಮಾಡಿದೆ. ಡಿಸೆಂಬರ್ ತನಕ ಕಾದೆ, ಏಕೆಂದರೆ ಮಳೆಗಾಲದ ತೇವದಲ್ಲಿ ಹೊಡೆದ ಮ್ಯಾಟ್ ಬಣ್ಣ ಬಿಳಿಚಿಕೊಳ್ಳುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗಿನ ನಮ್ಮ ಹವೆ, ಬೆಳಿಗ್ಗೆ ಇಬ್ಬನಿ ಆರಿದ ಮೇಲಿನ ಎರಡು ಮೂರು ತಾಸು, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಪೇಂಟ್ ರಿಮೂವರ್ ಹಚ್ಚಿ ಹಳೆಯ ಬಣ್ಣವನ್ನೆಲ್ಲ ತೆಗೆದೆ. ಝೂಮರ್ ಎಷ್ಟು ಹಳೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಿಂದಿನ ಬಣ್ಣದ ಪುಡಿಯಲ್ಲಿ ಸೀಸ ಇರಬಹುದೆಂದೇ ತಿಳಿದು ನಡೆಯುವುದು ಕ್ಷೇಮ. ಆದ್ದರಿಂದ ಒಣಗಿದ್ದನ್ನು ಉಜ್ಜಿ ಪುಡಿ ಹಾರಿಸದೆ, ನೀರು ಹಾಕಿಯೇ ಉಜ್ಜಿದೆ, ಹಳೆಯ ಪತ್ರಿಕೆಯ ಮೇಲೆ ಬಿದ್ದ ರಾಡಿಯನ್ನು ಕಟ್ಟಿ ಬಿಸಾಡಿದೆ, ಮಕ್ಕಳನ್ನು ಆ ಕಡೆ ಬಿಡಲಿಲ್ಲ. ಜಂಗಿದ್ದ ಕಡೆ 180 ನಂಬರಿನ ಕಾಗದ, ಉಳಿದ ಮೈಗೆಲ್ಲ 320. ನಂಬರ್ ಹೆಚ್ಚಾದಷ್ಟೂ ಕಾಗದ ನಯವೆಂಬುದು ಹೊಸಬರಿಗೆ ತಿಳಿದಿರಲಿ. ಎಲೆಯ ನರಗಳ ಸಂದಿಗೆ ಕಾಗದ ಹೋಗುವುದಿಲ್ಲ. ಅಲ್ಲಿ ಹಳೆಯ ಟೂತ್ ಬ್ರಷ್ಷಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ತಿಕ್ಕಿದಾಗ, ಒಗ್ಗರಣೆಯ ಹೊಗೆಯ ಜಿಡ್ಡು ಕಂದು ನೀರಾಗಿ ಹರಿದು ಬಂತು. ಈ ದೀಪ ಮೊದಲು ಯಾರದೋ ಮನೆಯ ಅಡುಗೆಮನೆಯ ಪಕ್ಕದಲ್ಲಿ ತೂಗುತ್ತಿದ್ದಿರಬೇಕು ಎಂದು ಆಗ ಅನಿಸಿತು. ಒಣಗಿದ ಮೇಲೆ ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಒರೆಸಬೇಕು. ಅದಾದ ಮೇಲೆ ಬರಿಗೈಯಿಂದ ಮುಟ್ಟಬಾರದು, ಬೆರಳಿನ ಎಣ್ಣೆಯೊಂದು ಸಾಕು ಬಣ್ಣವನ್ನು ತಡೆಯಲು.

ವೈರುಗಳನ್ನು ಎಳೆದು ತೆಗೆದು, ಹೋಲ್ಡರುಗಳನ್ನು ಬಿಚ್ಚಿಟ್ಟು, ಬಿಚ್ಚಲು ಬಾರದ ಒಂದು ಹೋಲ್ಡರಿನೊಳಗೆ ಕಾಗದದ ಉಂಡೆ ತುರುಕಿ ಮಾಸ್ಕಿಂಗ್ ಟೇಪ್ ಸುತ್ತಿದೆ. ಹೋಲ್ಡರಿನ ಪಿನ್ನುಗಳ ಮೇಲೆ ಬಣ್ಣ ಬಿದ್ದರೆ ಬಲ್ಬಿಗೆ ಕರೆಂಟ್ ಸರಿಯಾಗಿ ತಾಗುವುದಿಲ್ಲ, ಕಿಡಿ ಬರುತ್ತದೆ.

ಇನ್ನು ಕಪ್ಪು ಬಣ್ಣ. ಡಬ್ಬಿಯೊಳಗಿನ ಗುಂಡು ಕಟಕಟ ಎನ್ನಲು ಶುರುವಾದ ಮೇಲೆಯೂ ಎರಡು ನಿಮಿಷ ಅಲುಗಾಡಿಸಬೇಕು. ಮ್ಯಾಟ್ ಬಣ್ಣದಲ್ಲಿ ಹೊಳಪು ತೆಗೆಯುವ ಪುಡಿ ತಳಕ್ಕೆ ಕೂತಿರುವುದರಿಂದ ಇದರಲ್ಲಿ ಅವಸರ ಮಾಡಿದರೆ ಒಂದು ಕೈ ಹೊಳೆದು ಇನ್ನೊಂದು ಕೈ ಮಂಕಾಗಿ ಉಳಿಯುತ್ತದೆ. ಸುಮಾರು ಒಂದು ಗೇಣು, 20ರಿಂದ 25 ಸೆಂಟಿಮೀಟರ್ ದೂರ ಹಿಡಿದು, ವಸ್ತುವಿಗಿಂತ ಆಚೆ ಒತ್ತಲು ಶುರು ಮಾಡಿ ವಸ್ತುವನ್ನು ದಾಟಿದ ಮೇಲೆ ಬೆರಳು ಬಿಡಬೇಕು. ಮೊದಲ ಸುತ್ತಿಗೆ ಪೂರ್ತಿ ಕಪ್ಪಾಗಬೇಕೆಂಬ ಆಸೆ ಬೇಡ. ನಾನು ಹದಿನೈದು ನಿಮಿಷಕ್ಕೊಂದರಂತೆ ಮೂರು ತೆಳು ಸುತ್ತು ಹೊಡೆದೆ. ಐದು ಕೈಗಳ ಈ ಝೂಮರಿಗೆ ಒಂದು ಡಬ್ಬಿ ಸಾಲಲಿಲ್ಲ, ಎರಡನೆಯದರಲ್ಲಿ ಅರ್ಧ ಖರ್ಚಾಯಿತು. ಬಾಗಿದ ಕೊಳವೆಗಳ ಮೇಲೆ ಹೊಡೆಯುವಾಗ ಅರ್ಧಕ್ಕಿಂತ ಹೆಚ್ಚು ಬಣ್ಣ ಗಾಳಿಗೇ ಹೋಗುತ್ತದೆ, ಅದನ್ನು ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಈ ಕಪ್ಪಿನ ಗುಣ ಚೆನ್ನಾಗಿದೆ: ಹನಿ ಸಣ್ಣ, ಹರಿವು ಸಮ, ಕಪ್ಪು ನಿಜವಾದ ಕಪ್ಪು, ಬೂದು ಬೆರೆತದ್ದಲ್ಲ. ದೋಷ ಇರುವುದು ನಳಿಕೆಯಲ್ಲಿ. ಎರಡೂ ಡಬ್ಬಿಗಳಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ನಳಿಕೆಯ ಬಾಯಲ್ಲಿ ಬಣ್ಣ ಕಟ್ಟಿಕೊಂಡು, ಒಂದು ದೊಡ್ಡ ಹನಿ ಫಟ್ಟನೆ ಚಿಮ್ಮಿತು. ಪ್ರತಿ ಸುತ್ತಿನ ಕೊನೆಗೆ ಡಬ್ಬಿಯನ್ನು ತಲೆಕೆಳಗು ಹಿಡಿದು ಬರೀ ಗಾಳಿ ಬರುವವರೆಗೆ ಒತ್ತಿ, ಬಟ್ಟೆಯಿಂದ ಬಾಯಿ ಒರೆಸಿಟ್ಟ ಮೇಲೆ ಈ ತೊಂದರೆ ನಿಂತಿತು.

ಕಪ್ಪು ಒಣಗಿ, ಎಲೆಯ ನರಗಳು ನೆರಳು ಬೆಳಕಿನಲ್ಲಿ ಎದ್ದು ಕಂಡಾಗ, ಮನೆಯವರೆಲ್ಲ ಇದು ಬಿದರಿಯಂತಿದೆ ಎಂದರು. ಆ ಮಾತಿನ ಖುಷಿಯಲ್ಲಿ ಬೆಳ್ಳಿ ಬಣ್ಣದ ಪೆನ್ನು ತಂದು ಒಂದು ಎಲೆಯ ನರಗಳ ಮೇಲೆ ಗೆರೆ ಎಳೆದೆ. ಗೆರೆ ನೇರವಾಗಿಯೇ ಬಂದಿತ್ತು. ಆದರೆ ಪಕ್ಕದಲ್ಲಿ ಹೂದಾನಿಯನ್ನು ತಂದಿಟ್ಟು ನೋಡಿದಾಗ ನನಗೆ ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಬಿದರಿಯ ಬೆಳ್ಳಿ ಕಪ್ಪಿನ ಮಟ್ಟಕ್ಕೇ ಇಳಿದು ಕೂತಿರುತ್ತದೆ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಕಪ್ಪು ಮುಗಿದು ಎಲ್ಲಿ ಬೆಳ್ಳಿ ಶುರುವಾಯಿತೆಂದು ತಿಳಿಯುವುದಿಲ್ಲ. ಬೀದರ ಕೋಟೆಯ ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂತಿರುವುದೂ ಹೀಗೆಯೇ. ಪೆನ್ನಿನ ಬೆಳ್ಳಿ ಕಪ್ಪಿನ ಮೇಲೆ ಉಬ್ಬಿ ನಿಂತಿತ್ತು. ಥಿನ್ನರ್ ತಾಗಿದರೆ ಕೆಳಗಿನ ಕಪ್ಪೂ ಹೋಗುವುದರಿಂದ, ಆ ಎಲೆಯೊಂದನ್ನು 600 ನಂಬರಿನ ಕಾಗದದಿಂದ ಉಜ್ಜಿ ಮತ್ತೊಮ್ಮೆ ಕಪ್ಪು ಹೊಡೆದೆ. ಬಿದರಿಯ ಕೆಲಸವನ್ನು ಬಣ್ಣದ ಪೆನ್ನಿನಿಂದ ಅನುಕರಿಸುವುದು ಆ ಕೈಗಳಿಗೆ ತೋರುವ ಗೌರವವಲ್ಲ ಎಂದು ನಾನು ನಂಬುತ್ತೇನೆ. ಬರಿಯ ಕಪ್ಪಾಗಿಯೇ ಝೂಮರ್ ಬಹಳ ಗಂಭೀರವಾಗಿ ಕಾಣುತ್ತದೆ.

ನಾಲ್ಕನೆಯ ಡಬ್ಬಿ, ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರವಾದ 340 ರೂಪಾಯಿಯ ಮ್ಯಾಟ್ ಕ್ಲಿಯರ್ ಕೋಟ್, ಅಷ್ಟು ಅಗತ್ಯವಿರಲಿಲ್ಲ. ಕೈ ತಾಗದ ಎತ್ತರದಲ್ಲಿ ತೂಗುವ ದೀಪಕ್ಕೆ ಅದರಿಂದ ಸಿಗುವ ರಕ್ಷಣೆ ಅಲ್ಪ. ಗೋಡೆಗೆ ಕೂರಿಸುವ, ಕೈಗೆಟಕುವ ದೀಪವಾದರೆ ಮಾತ್ರ ಕೊಳ್ಳಿ.

ವೈರಿಂಗ್ ಕೆಲಸವನ್ನು ನಾನು ಮಾಡಲಿಲ್ಲ, ಮಾಡಬಾರದು ಕೂಡ. ಹಳೆಯ ವೈರಿನ ಹೊದಿಕೆ ಬೆರಳಿನಿಂದ ಮಡಚಿದರೆ ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಎಲ್ಲ ಕೈಗಳಿಗೂ 0.75 ಚದರ ಮಿಲಿಮೀಟರಿನ ಹೊಸ ವೈರ್ ಎಳೆದು, ಹೋಲ್ಡರುಗಳನ್ನು ಬದಲಿಸಿ, ಮೈ ಲೋಹದ್ದಾದ್ದರಿಂದ ಅರ್ಥಿಂಗ್ ವೈರನ್ನು ನಡುಗಂಬಕ್ಕೆ ಸ್ಕ್ರೂ ಹಾಕಿ ಬಿಗಿದರು. ಬಣ್ಣ ವಿದ್ಯುತ್ತನ್ನು ತಡೆಯುವುದರಿಂದ ಸ್ಕ್ರೂ ಕೂರುವ ಜಾಗದಲ್ಲಿ ಬಣ್ಣವನ್ನು ಕೆರೆದು ಲೋಹ ಕಾಣಿಸಿದ ಮೇಲೆಯೇ ಬಿಗಿಯಬೇಕೆಂದು ಅವರು ಹೇಳಿದ್ದು ನನಗೆ ಹೊಸ ವಿಷಯ. ನಮ್ಮದು ಶಹಾಬಾದ್ ಪರಸಿ ಹೊದಿಸಿದ ಹಳೆಯ ಮಾಳಿಗೆ. ಕಲ್ಲಿಗೆ ರಂಧ್ರ ಹೊಡೆಯದೆ, ಕಲ್ಲುಗಳನ್ನು ಹೊತ್ತ ಕಬ್ಬಿಣದ ತೊಲೆಗೆ ಕ್ಲ್ಯಾಂಪ್ ಹಾಕಿ ಅದರಿಂದ ಕೊಕ್ಕೆ ಇಳಿಸಿದರು. ಹಳೆಯ ಮನೆಯವರು ಇದನ್ನು ಗಮನದಲ್ಲಿಡಿ. ನಾಲ್ಕು ಕೆಜಿ ಭಾರ ಒಂದು ಪರಸಿಯ ಮೇಲೆ ವರ್ಷಗಟ್ಟಲೆ ತೂಗುವುದು ಒಳ್ಳೆಯದಲ್ಲ.

ಒಡೆದ ಗಾಜುಗಳಿಗೆ ಜೋಡಿ ಸಿಗದ ಕಾರಣ ಎಲ್ಲ ಐದನ್ನೂ ತೆಗೆದು, ಹಾಲುಬಣ್ಣದ ಸಣ್ಣ ಎಲ್ಇಡಿ ಬಲ್ಬುಗಳನ್ನು ಬರಿದಾಗಿಯೇ ಹಾಕಿದ್ದೇವೆ. ಹಿಂದೆ ಇಂಥ ದೀಪಗಳಿಗೆ 40 ವ್ಯಾಟಿನ ತಂತಿ ಬಲ್ಬುಗಳನ್ನು ಹಾಕುತ್ತಿದ್ದರು. ಐದಕ್ಕೆ 200 ವ್ಯಾಟ್, ದಿನಕ್ಕೆ ಐದು ತಾಸು ಉರಿದರೆ ಒಂದು ಯೂನಿಟ್. ಈಗಿನ ನಾಲ್ಕು ವ್ಯಾಟಿನ ಐದು ಬಲ್ಬುಗಳಿಗೆ ಅದರ ಹತ್ತನೆಯ ಒಂದು ಪಾಲು. ಬಣ್ಣದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದದ್ದು ಶಾಖ: ತಂತಿ ಬಲ್ಬಿನ ಬುಡದಲ್ಲಿ ಸಾಧಾರಣ ಸ್ಪ್ರೇ ಬಣ್ಣ ಸುಟ್ಟು ವಾಸನೆ ಬರುತ್ತದೆ, ಎಲ್ಇಡಿಗೆ ಆ ಭಯವಿಲ್ಲ. ಬಲ್ಬಿನ ಬೆಳಕು ಯಾವ ಬಣ್ಣದ್ದು ಎಂಬುದನ್ನೂ ನೋಡಿಕೊಳ್ಳಿ. ಮೊದಲು ಹಾಕಿದ 6500 ಕೆಲ್ವಿನ್‌ನ ಬಿಳಿ ಬಲ್ಬಿನಲ್ಲಿ ನಮ್ಮ ಕಪ್ಪು ಸೀಸದ ಕಡ್ಡಿಯಂತೆ ನೀಲಿ ಬೂದಾಗಿ ಕಂಡಿತು. 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಅದೇ ಕಪ್ಪು ಮೆತ್ತಗೆ, ಆಳವಾಗಿ ಕಾಣುತ್ತದೆ.

ಖರ್ಚಿನ ಲೆಕ್ಕವನ್ನು ಮುಚ್ಚಿಡುವುದು ಸರಿಯಲ್ಲ. ಝೂಮರಿಗೆ 700, ಎರಡನೆಯ ಬಾರಿಯ ನಾಲ್ಕು ಡಬ್ಬಿಗಳಿಗೆ 1420, ಕಾಗದ, ಟೇಪ್, ಥಿನ್ನರಿಗೆ 310, ವೈರು ಮತ್ತು ಹೋಲ್ಡರುಗಳಿಗೆ 420, ಎಲೆಕ್ಟ್ರಿಷಿಯನ್ನರ ಕೂಲಿ 600, ಒಟ್ಟು 3450 ರೂಪಾಯಿ. ಮೊದಲ ಬಾರಿ ಹಾಳಾದ ಬಣ್ಣಕ್ಕೂ ಅದನ್ನು ತೆಗೆಯಲು ತಂದ ರಿಮೂವರಿಗೂ 740 ಸೇರಿದರೆ 4190. ಇದೇ ಅಳತೆಯ ಹೊಸ ಕಪ್ಪು ಝೂಮರಿಗೆ ಊರಿನ ಅಂಗಡಿಯಲ್ಲಿ 6500 ಕೇಳಿದ್ದರು. ಉಳಿತಾಯ ಬಹಳ ದೊಡ್ಡದೇನಲ್ಲ. ಆದರೆ ಆ ಹೊಸದನ್ನು ಎತ್ತಿ ನೋಡಿದ್ದೇನೆ, ಅದರ ಕೈಗಳು ತೆಳುಕೊಳವೆ, ಹಿಡಿದರೆ ಬಾಗುವಂಥವು. ಇದರ ಎಲೆಗಳಲ್ಲಿರುವ ನರಗಳಂಥ ನಯವಾದ ಎರಕ ಅದರಲ್ಲಿ ಎಲ್ಲೂ ಇರಲಿಲ್ಲ. ಪೌಡರ್ ಕೋಟಿಂಗ್ ಮಾಡಿಸಬಹುದೇ ಎಂದೂ ವಿಚಾರಿಸಿದೆ. ಅದರಲ್ಲಿ ಪುಡಿ ಬಣ್ಣವನ್ನು ವಿದ್ಯುತ್ತಿನಿಂದ ಅಂಟಿಸಿ 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ, ಕಬ್ಬಿಣದ ಮೇಲೆ ಅದು ಸ್ಪ್ರೇ ಬಣ್ಣಕ್ಕಿಂತ ಬಹಳ ಗಟ್ಟಿ. ಆದರೆ ಎರಕದ ಸತುವಿನೊಳಗೆ ಸಿಕ್ಕಿಕೊಂಡ ಗಾಳಿ ಆ ಶಾಖಕ್ಕೆ ಉಬ್ಬಿ ಮೇಲೆ ಗುಳ್ಳೆ ಬರಬಹುದು. ಪೂರ್ತಿ ಕಬ್ಬಿಣದ ದೀಪವಿರುವವರು ಆ ದಾರಿ ಹಿಡಿಯಲಿ.

ಹತ್ತು ತಿಂಗಳ ಬಳಕೆಯ ಮೇಲೆ ನನ್ನ ದೂರು ಬಣ್ಣದ ಹಿಡಿತದ ಬಗ್ಗೆ ಅಲ್ಲ, ಮ್ಯಾಟ್ ಎಂಬ ಆಯ್ಕೆಯ ಬಗ್ಗೆ. ತೊಗರಿ ರಾಶಿಯ ದಿನಗಳಲ್ಲಿ ಊರಿನ ಮೇಲೆಲ್ಲ ಹರಡುವ ಹೊಟ್ಟಿನ ಧೂಳು ಈ ಕಪ್ಪಿನ ಮೇಲೆ ವಾರದೊಳಗೆ ಬೂದು ಪುಡಿಯಾಗಿ ಕಾಣುತ್ತದೆ, ಹಸಿ ಬಟ್ಟೆಯಿಂದ ಒರೆಸಿದರೆ ಗೆರೆ ಗೆರೆಯಾಗಿ ಉಳಿಯುತ್ತದೆ. ಒಣ ಬ್ರಷ್ಷಿನಿಂದ ಝಾಡಿಸಬೇಕು. ನಮ್ಮ ಸೀಮೆಗೆ ಅರೆಹೊಳಪಿನ, ಸ್ಯಾಟಿನ್ ಎಂದು ಬರೆದಿರುವ ಡಬ್ಬಿಯೇ ತಕ್ಕದ್ದು. ಇನ್ನೊಂದು ದೀಪ ಸಿಕ್ಕರೆ ಅದನ್ನೇ ತರುತ್ತೇನೆ.

ಬಣ್ಣ ನಿಲ್ಲದ ಜಾಗ ಈ ಬಾರಿಯೂ ಒಂದಿದೆ, ಅದು ಸರಪಳಿ. ಫ್ಯಾನಿನ ಗಾಳಿಗೆ ಝೂಮರ್ ಸಣ್ಣಗೆ ಅಲುಗುತ್ತಿರುವುದರಿಂದ ಕೊಂಡಿಗೆ ಕೊಂಡಿ ತಿಕ್ಕಿ, ಪ್ರತಿ ಕೊಂಡಿಯ ಒಳಬಾಗಿನಲ್ಲಿ ಕಾಳಿನಷ್ಟು ಜಾಗ ಬಿಳಿಯಾಗಿದೆ. ಅಲ್ಲಿ ಯಾವ ಪ್ರೈಮರಿನ ಮೇಲೂ ಬಣ್ಣ ನಿಲ್ಲಲಾರದು. ಸರಪಳಿಗೆ ಬಣ್ಣ ಹೊಡೆಯುವ ಬದಲು ಕಪ್ಪು ಮಾಡಿಯೇ ಮಾರುವ ಕಬ್ಬಿಣದ ಸರಪಳಿಯನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳುವುದು ಸರಿ ಎಂದು ಈಗ ಅನಿಸಿ, ಒಂದು ಮೀಟರ್ ತಂದಿಟ್ಟಿದ್ದೇನೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಎಲೆಕ್ಟ್ರಿಷಿಯನ್ ಬಂದು ಬದಲಿಸಿ ಕೊಡುವುದಾಗಿ ಹೇಳಿದ್ದಾರೆ.